ಬ್ಯಾಟರಿಗೆ ಹೊಳೆಯ ನೀರು

ಬ್ಯಾಟರಿ ಅಂಗಡಿಯ ಆ್ಯಸಿಡ್ಡಿನ ಹುಳಿ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಗಂಗಾವತಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ನರ್ಸ್. ಅಪ್ಪನ ಹಳೇ ಬೈಕಿನಲ್ಲಿ ಹಳ್ಳಿಗಳಿಗೆ ಲಸಿಕೆ ಡಬ್ಬಿ ಒಯ್ಯುತ್ತಿದ್ದಳು. ಅಂದು ಸೆಲ್ಫ್ ಒತ್ತಿದರೆ ಬೈಕು ಬರೀ ಕಟ್ ಕಟ್ ಎಂದಿತು. ಅವ್ವ ಹ್ಯಾಂಡಲ್ ಹಿಡಿದಳು, ನಾನೂ ಅಪ್ಪನ ತಾಯಿಯೂ ಹಿಂದಿನಿಂದ ನೂಕುತ್ತ ಅಂಗಡಿಗೆ ತಂದೆವು.

ಅಂಗಡಿಯವನು ಬ್ಯಾಟರಿಯ ಮುಚ್ಚಳ ಬಿಚ್ಚಿ ನೋಡಿದ. "ಯಾವ ನೀರು ಹಾಕೀರಿ ಅಕ್ಕಾರ? ಪ್ಲೇಟೆಲ್ಲಾ ಹೋಗ್ಯಾವ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಾನ ಹಾಕೀನಪಾ. ಶುದ್ಧ ನೀರು ಹಾಕಬೇಕು ಅಂತ ಸೊಸಿ ಅಂದಿದ್ಲು. ಆನೆಗೊಂದಿ ಹೊಳಿ ನೀರಿಗಿಂತ ಶುದ್ಧ ಯಾವುದೈತಿ? ದೇವರ ಜಗಲಿ ಮ್ಯಾಲಿನ ತಂಬಿಗಿಯಿಂದನ ಹಾಕೀನಿ."

ಅವ್ವ ಬೈಯಲಿಲ್ಲ. ಹಳೇ ಬ್ಯಾಟರಿಯ ಮೇಲಿನ ನಂಬರ್ ಓದಿ ಅದೇ ನಂಬರಿನದು ಕೇಳಿದಳು. ಅಂಗಡಿಯವನು ಹೊಸದಕ್ಕೆ ಆ್ಯಸಿಡ್ ತುಂಬಿ, "ಹಂಗ ಹಾಕ್ಕೊಂಡು ಹೋಗ್ರಿ, ಓಡಿಸಿದಂಗ ಚಾರ್ಜ್ ಆಗತೈತಿ," ಎಂದ.

"ಮೊದ್ಲು ಪೂರ್ತಿ ಚಾರ್ಜ್ ಮಾಡ್ರಿ. ನಾಳೆ ಮರಳಿ ಊರಾಗ ಕೂಸುಗಳಿಗೆ ಸೂಜಿ ಮಾಡೂದೈತಿ. ಆಗೋತನಕ ನಾ ಇಲ್ಲೇ ಕುಂದರ್ತೀನಿ."

ಕುಳಿತೇಬಿಟ್ಟಳು. ಬ್ಯಾಟರಿಯ ಬಿಳಿ ಮೈಯೊಳಗೆ ಸಣ್ಣ ಗುಳ್ಳೆಗಳೇಳುವುದನ್ನು ನೋಡುತ್ತ ನಾನು ಅವಳ ತೊಡೆಗೊರಗಿದೆ. ಮೂವರೂ ಏಳುವಷ್ಟರಲ್ಲಿ ಬಿಸಿಲು ಇಳಿದಿತ್ತು.

ಹೊರಡುವಾಗ ಅವ್ವ ಒಂದು ಬಾಟಲಿ ಡಿಸ್ಟಿಲ್ಡ್ ವಾಟರ್ ಕೊಂಡು ಅಜ್ಜಿಯ ಕೈಗೇ ಕೊಟ್ಟಳು. "ಇನ್ಮ್ಯಾಲೆ ಇದನ್ನ ಹಾಕ್ರಿ ಅತ್ತಿ. ಮ್ಯಾಲಿನ ಗೆರಿತನಕ, ಅದಕ್ಕಿಂತ ಹೆಚ್ಚು ಬ್ಯಾಡ."

ಮನೆಗೆ ಬಂದ ಅಜ್ಜಿ ಕೈಕಾಲು ತೊಳೆದು, ಬಾಟಲಿಗೆ ವಿಭೂತಿ ಹಚ್ಚಿ, ಜಗಲಿಯ ಮೇಲೆ ಹೊಳೆನೀರಿನ ತಂಬಿಗೆಯ ಪಕ್ಕದಲ್ಲಿಟ್ಟಳು.