ಬಾಗಿದ ಮರದ ಲೆಕ್ಕ

“ಅಯ್ಯೋ, ಇಲ್ಲಿ ತಪ್ಪಿಹೋಯ್ತಲ್ಲ ಮಕ್ಕಳೇ, ಈಗ ಎಂತ ಮಾಡುವ?” ಎಂದು ಶರ್ಮಿಳಾ ಟೀಚರು ಬೋರ್ಡಿನ ಮುಂದೆ ತಲೆ ಕೆರೆದುಕೊಂಡರು. ಉತ್ತರವನ್ನು ಬಾಯಿಗಿಡಬೇಡಿ, ಲೆಕ್ಕದಲ್ಲಿ ಸಿಕ್ಕಿಬಿದ್ದಾಗ ದಾರಿ ಹುಡುಕುವುದು ಹೇಗೆಂದು ಮಕ್ಕಳೆದುರೇ ಮಾಡಿ ತೋರಿಸಿ ಎಂದು ಕುಂದಾಪುರದ ಶಿಕ್ಷಕರ ತರಬೇತಿಯಲ್ಲಿ ಹೇಳಿದ್ದರು. ಅಂದಿನಿಂದ ಟೀಚರು ದಿನಾ ತಪ್ಪುತ್ತಿದ್ದರು, ದಿನಾ ಸರಿಪಡಿಸುತ್ತಿದ್ದರು. ಹತ್ತನೇ ತರಗತಿಯೆಲ್ಲ ನಗುತ್ತಿತ್ತು. ಕೊನೆಯ ಬೆಂಚಿನ ಧನ್ಯಶ್ರೀ ಮಾತ್ರ ತಲೆ ಎತ್ತುತ್ತಿರಲಿಲ್ಲ.

ಕೋಡಿ ಊರಿನ ಈ ಹುಡುಗಿ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆಗೆ ಹೆಸರು ಬರೆದು, ಮಿಕ್ಕಿದ್ದನ್ನು ಖಾಲಿ ಬಿಟ್ಟು ಬಂದಿದ್ದಳು. ಗಣಿತ ಹೋದರೆ ಶಾಲೆಯೂ ಹೋದಂತೆ. ತನ್ನ ಜೊತೆ ಗೇರುಬೀಜದ ಕಾರ್ಖಾನೆಗೆ ಕರೆದೊಯ್ಯುವುದೇ ಸೈ ಎಂದು ತಾಯಿ ವನಜ ಬಂದು ಹೇಳಿಯೂ ಆಗಿತ್ತು. ಟೀಚರು ಆ ಖಾಲಿ ಪತ್ರಿಕೆಯನ್ನು ಮತ್ತೆ ಮತ್ತೆ ತಿರುವಿ ನೋಡಿದರು. ತಪ್ಪೋ ಸರಿಯೋ, ಒಂದು ಗೆರೆಯನ್ನಾದರೂ ಎಳೆಯಬಾರದೇ?

ಗಂಟೆ ಹೊಡೆದ ಮೇಲೆ ಅವಳನ್ನು ನಿಲ್ಲಿಸಿಕೊಂಡರು.

“ನಾನೇ ತಪ್ ಮಾಡ್ತೆ ಅಲ್ದಾ ಹೆಣ್ಣೆ, ನಿಂಗ್ ಎಂತ ಹೆದ್ರಿಕೆ?”

“ಬೈಯುದಿಲ್ಲೆ ಅಂದ್ರೆ ಹೇಳ್ತೆ.”

“ಹೇಳ್.”

“ನಿಮ್ದ್ ತಪ್ಪೇ ಅಲ್ಲ ಟೀಚರ್. ತಪ್ ಮಾಡುಕ್ ಮೊದ್ಲೇ ಡಸ್ಟರ್ ಕೈಯಗ್ ಹಿಡ್ಕಂಡಿರ್ತ್ರಿ.”

ಟೀಚರು ತಮ್ಮ ಕೈ ನೋಡಿಕೊಂಡರು. ಡಸ್ಟರು ಅಲ್ಲೇ ಇತ್ತು. ನಗು ಬಂತು, ನಾಚಿಕೆಯೂ ಆಯಿತು. ತಲೆಯನ್ನೇ ಎತ್ತದ ಹುಡುಗಿ ಇದನ್ನು ಯಾವಾಗ ನೋಡಿದಳಪ್ಪಾ!

ಮರುದಿನ ಡಸ್ಟರನ್ನು ಧನ್ಯಶ್ರೀಯ ಕೈಗೇ ಕೊಟ್ಟುಬಿಟ್ಟರು. “ಇವತ್ತ್ ಲೆಕ್ಕವೂ ನಿಂದೇ. ನಂಗ್ ಗೊತ್ತಿಲ್ದೇ ಇದ್ದದ್ ಕೊಡ್.”

ಧನ್ಯಶ್ರೀ ಡಸ್ಟರು ಹಿಡಿದುಕೊಂಡೇ ತನ್ನ ಬೆಂಚಿಗೆ ಹೋಗಿ ಕೂತು ಕೇಳಿದಳು. “ಕೋಡಿ ಹೊಳಿ ಎಷ್ಟ್ ಅಗಲ? ದಾಟ್ದೇ ಹೇಳ್ಕ್.”

ಇಷ್ಟೇನಾ ಎಂದು ಟೀಚರು ಹುರುಪಿನಿಂದ ಹೊಳೆ ಬರೆದರು. ಆಚೆ ದಡದಲ್ಲಿ ಒಂದು ತೆಂಗಿನ ಮರ ನಿಲ್ಲಿಸಿದರು. ಈಚೆ ದಡದಿಂದ ಮರದ ತುದಿಗೆ ಗೆರೆ ಎಳೆದು, ಬುಡದಲ್ಲಿ ಲಂಬಕೋನ ಗುರುತಿಸಿದರು.

“ಟೀಚರ್, ಅಲ್ಲಿ ಮರ ಎಲ್ಲ ಹೊಳಿ ಬದಿಗ್ ಬಾಗ್ಕಂಡ್ ಇತ್ತ್.”

ಸೀಮೆಸುಣ್ಣ ಅಲ್ಲೇ ನಿಂತಿತು. ಬಿಜೂರಿನಲ್ಲಿ ಹುಟ್ಟಿ ಬೆಳೆದ ಶರ್ಮಿಳಾ ಬಾಗಿದ ತೆಂಗು ಕಾಣದವರೇನಲ್ಲ. ಆದರೆ ಬೋರ್ಡಿನ ಮೇಲೆ ಮರ ಯಾವತ್ತೂ ನೆಟ್ಟಗೇ ನಿಂತಿರುತ್ತಿತ್ತು. ಮರ ಬಾಗಿದ ಮೇಲೆ ಲಂಬಕೋನ ಎಲ್ಲಿಯದು? ಎರಡು ಸಲ ಬರೆದು ನೋಡಿದರು, ಆಗಲಿಲ್ಲ. ನಿಜಕ್ಕೂ ದಾರಿ ಕಾಣಲಿಲ್ಲ. ಇವತ್ತು ತರಗತಿ ನಗಲಿಲ್ಲ. ಟೀಚರ ಕೈ ತನ್ನಷ್ಟಕ್ಕೆ ಹಿಂದಕ್ಕೆ ಚಾಚಿತು.

“ಡಸ್ಟರ್ ಕೊಡ್ ಕಾಂಬ.”

ಧನ್ಯಶ್ರೀ ಎದ್ದು ಬಂದಳು. ಡಸ್ಟರು ಕೊಡಲಿಲ್ಲ. ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಟೀಚರ ಸೀಮೆಸುಣ್ಣ ತೆಗೆದುಕೊಂಡಳು.

“ಅಳ್ಸುದ್ ಬ್ಯಾಡ ಟೀಚರ್. ತುದಿ ಎಲ್ಲಿಗಾರೂ ಬಾಗ್ಲಿ, ನಾವ್ ಬುಡ ಕಾಂಬ. ಲಂಬಕೋನ ಈಚಿ ದಡದಗೇ ಮಾಡುವ.”

ಅವಳು ಎಳೆದ ಮೊದಲ ಗೆರೆ ತಪ್ಪಿತು. ತಲೆ ಕೆಡಿಸಿಕೊಳ್ಳದೆ ಅದರ ಪಕ್ಕದಲ್ಲೇ ಇನ್ನೊಂದು ಎಳೆದಳು. ಬೆನ್ನ ಹಿಂದಿನ ಡಸ್ಟರಿನಿಂದ ಯೂನಿಫಾರ್ಮಿಗೆಲ್ಲ ಸುಣ್ಣದ ಪುಡಿ ಮೆತ್ತುತ್ತಿತ್ತು. ಅದನ್ನು ಹೇಳಲು ಬಾಯಿ ತೆರೆದ ಶರ್ಮಿಳಾ ಟೀಚರು, ಹೇಳದೆ, ಮೆಲ್ಲಗೆ ಹಿಂದೆ ಸರಿದು ಕೊನೆಯ ಬೆಂಚಿನಲ್ಲಿ ಅವಳ ಜಾಗದಲ್ಲಿ ಕೂತರು.