ಬಂಗಡೆ ಸುತ್ತಿದ ಹಾಳೆ

ಮಗಳು ರೇಖಾ ತಂದ ಕಾಗದದಲ್ಲಿ ಗಂಗಿ ಆರು ಒದ್ದೆ ಬಂಗಡೆ ಸುತ್ತಿ, ದಾರ ಕಟ್ಟಿ, ಕುಮಟಾ ಮೀನುಪೇಟೆಯ ನಡುವೆ ಪೊಟ್ಟಣವನ್ನು ಎತ್ತಿ ಹಿಡಿದಳು. ರೇಖಾ ಬಗ್ಗಿ ಪೊಟ್ಟಣದ ತಳವನ್ನೇ ನೋಡಿದಳು.

ಎಂಜಿನಿಯರಿಂಗ್ ಮುಗಿಸಿದ ಮೇಲೆ ಕಾಗದ ತಯಾರಿಕೆಯ ಎರಡು ವರ್ಷದ ಕೋರ್ಸಿಗೆ ಸೇರಿದ್ದ ಅವಳು, ಮಿರ್ಜಾನದ ಗದ್ದೆಗಳ ಭತ್ತದ ಹುಲ್ಲನ್ನು ಬೇಯಿಸಿ, ಅರೆದು, ಈ ಹಾಳೆ ಮಾಡಿದ್ದಳು. ಹಿಂದಿನ ಎರಡು ಸಲವೂ ಹಾಳೆ ನೆನೆದು ಹರಿದು ಮೀನು ನೆಲಕ್ಕೆ ಬಿದ್ದಿತ್ತು. ಗಂಗಿ ಮತ್ತೆ ಪ್ಲಾಸ್ಟಿಕ್ ಚೀಲಕ್ಕೆ ಕೈಹಾಕಿದ್ದಳು. ಪ್ರಾಜೆಕ್ಟ್ ಒಪ್ಪಿಸಲು ಇನ್ನು ನಾಲ್ಕೇ ದಿನ ಉಳಿದಿತ್ತು.

"ಸಾಕಮ್ಮಾ, ಇಳಿಸು," ಎಂದಳು ರೇಖಾ.

"ಸುಮ್ನಿರು. ಗಿರಾಕಿ ಬಸ್ ಹತ್ತಿ ಮನೆ ಮುಟ್ಟೂ ತನಕ ತಡೀಬೇಕಲ್ಲ," ಎಂದು ಗಂಗಿ ಪೊಟ್ಟಣವನ್ನು ಜೋರಾಗಿ ಕುಲುಕಿದಳು. ತಳದಿಂದ ನೀರು ತೊಟ್ಟಿಕ್ಕಿತು. ಹಾಳೆ ಪೂರ್ತಿ ಒದ್ದೆಯಾಯಿತು, ಹರಿಯಲಿಲ್ಲ. ಇನ್ನೂ ಜೋರಾಗಿ ಕುಲುಕಿದಳು. ಆಗಲೂ ಹರಿಯಲಿಲ್ಲ. ರೇಖಾಳಿಗೆ ತುಂಬಾ ಖುಷಿಯಾಯಿತು.

ಪಕ್ಕದಲ್ಲಿ ಮೀನು ಮಾರುತ್ತಿದ್ದ ಹೆಂಗಸು ಕತ್ತು ಚಾಚಿದಳು. "ಎಂತದೇ ಗಂಗಿ ಅದು? ನಂಗೂ ನಾಕು ಕೊಡು."

ಗಂಗಿ ಉಳಿದ ಹಾಳೆಗಳನ್ನೆಲ್ಲ ಬಾಚಿ ತನ್ನ ಮಡಿಲಿಗೆ ಎಳೆದುಕೊಂಡಳು. "ನನ್ ಮಗಳು ಮಾಡಿದ್ದು. ಇವತ್ತಿಗೆ ನಂಗೇ ಸಾಲೂದಿಲ್ಲ."