ಗಿರಿಜಾಂಬಳ ಕರಡಿಗೆ

"ಪೂಜೆ ಮಾಡ್ಕೊಂಡು ಹೊರಡು. ಕರಡಿಗೆ ಬಿಚ್ಚವ್ವಾ," ಎಂದ ಬೆನಕಪ್ಪ. ಮಗಳು ಗಿರಿಜಾಂಬ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದಳು. ಮೆಡಿಕಲ್ ಸೀಟಿನ ಎಂಟ್ರೆನ್ಸ್ ಪರೀಕ್ಷೆಗೆ ಅವಳು ಶಿವಮೊಗ್ಗದ ಬಸ್ಸು ಹಿಡಿಯಬೇಕಿತ್ತು.

"ಬಸ್ಸು ಬರುತ್ತಪ್ಪಾ."

"ಆ ಬಸ್ಸು ನಾನು ಕೆಮ್ಮಿದ್ರೆ ನಿಲ್ಲುತ್ತೆ ಕಣೇ. ಬಿಚ್ಚು."

ಬಿಚ್ಚಿದಳು. ಒಳಗೆ ಲಿಂಗವಿರಲಿಲ್ಲ. ಇರುವೆ ಸಾಲಿನಂಥ ಅಕ್ಷರಗಳ ಕಾಪಿ ಚೀಟಿ ಇತ್ತು. ಪರೀಕ್ಷೆ ಕೋಣೆಯಲ್ಲಿ ಕರಡಿಗೆ ತೆಗೆಸಿ ನೋಡುವ ಧೈರ್ಯ ಯಾವ ಮೇಷ್ಟ್ರಿಗೂ ಇರುವುದಿಲ್ಲ.

"ಲಿಂಗ ಎಲ್ಲವ್ವಾ?"

ಅವಳು ಎಡಗೈ ಬಿಚ್ಚಿದಳು. ಲಿಂಗ ಅಂಗೈಯಲ್ಲೇ ಬೆವರಿಗೆ ಒದ್ದೆಯಾಗಿತ್ತು. "ಎಲ್ಲಿಡೋದು ಅಂತ ಗೊತ್ತಾಗ್ಲಿಲ್ಲ. ಸೀಟು ಸಿಗದಿದ್ರೆ ನಿನ್ ಮರ್ಯಾದೆ ಹೋಗುತ್ತಲ್ಲಪ್ಪಾ. ಮಗಳು ನಾಡಿ ಮುಟ್ಟಿದ್ರೆ ಸತ್ತೋರು ಎದ್ದು ಕಾಫಿ ಕೇಳ್ತಾರೆ ಅಂತ ಅಜ್ಜಂಪುರದ ಸಂತೇಲೆಲ್ಲಾ ಹೇಳ್ಕೊಂಡ್ ಬಂದಿದೀಯ."

ಬೆನಕಪ್ಪ ಚೀಟಿಯನ್ನು ತೆಗೆದು ದೀಪಕ್ಕೆ ಹಿಡಿದ. ಬೆರಳಿಗೆ ಬಿಸಿ ತಗಲುವವರೆಗೂ ಬಿಡಲಿಲ್ಲ.

"ಬೊಗಳೆ ಬಿಟ್ಟೋನು ನಾನು ಕಣವ್ವಾ. ಪಾಸಾದ್ರೂ ಫೇಲಾದ್ರೂ ನೀನು ನನ್ ಮಗಳೇ ಅಂತ ಅದೇ ಸಂತೇಲಿ ಹೇಳಿ ಬತ್ತೀನಿ."

ಹೊರಗೆ ಹಾರನ್ ಕೇಳಿತು.

"ನೀನು ನಿಧಾನಕ್ಕೆ ಪೂಜೆ ಮುಗ್ಸು. ನಾನು ಹೋಗಿ ಕೆಮ್ತೀನಿ," ಎಂದು ಬೆನಕಪ್ಪ ಎದ್ದ.

ಗಿರಿಜಾಂಬ ಲಿಂಗವಿದ್ದ ಎಡ ಅಂಗೈಯನ್ನು ಪೂಜೆಗೆ ಮುಂದೆ ಚಾಚಿದಳು.